ಗ್ರೇಷಸ್ ಪ್ರೊಫೆಷನಲಿಸಂ: ರೋಬಾಟ್ ಅಂಕಣದ ಕ್ರೀಡಾಧರ್ಮ

ವಿದ್ಯಾರ್ಥಿಗಳು ತಾವು ಕಟ್ಟಿದ ರೋಬಾಟ್‌ಗಳನ್ನು ಅಂಕಣಕ್ಕಿಳಿಸಿ ಆಡುವ, ಫಸ್ಟ್ ರೋಬಾಟಿಕ್ಸ್ ಕಾಂಪಿಟಿಷನ್ ಎಂಬ ಹೈಸ್ಕೂಲ್ ಸ್ಪರ್ಧೆಗೆ ಪ್ರತಿ ವರ್ಷ ಜನವರಿಯಲ್ಲಿ ಹೊಸ ಆಟವೂ ಹೊಸ ನಿಯಮ ಪುಸ್ತಕವೂ ಬರುತ್ತವೆ. ಒಂದು ವರ್ಷ ಚೆಂಡು ಒದೆಯುವ ಆಟವಾದರೆ ಮತ್ತೊಂದು ವರ್ಷ ಪೆಟ್ಟಿಗೆಗಳನ್ನು ಪೇರಿಸುವ ಆಟ. ಅಂಕಣದ ರಚನೆ, ಅಂಕಗಳ ಲೆಕ್ಕ, ದಂಡದ ಪ್ರಮಾಣ ಎಲ್ಲವೂ ಬದಲಾಗುತ್ತವೆ. ವರ್ಷದಿಂದ ವರ್ಷಕ್ಕೆ ಬದಲಾಗದೆ ಉಳಿದಿರುವ ಕೆಲವೇ ಸಂಗತಿಗಳಲ್ಲಿ ಒಂದು ‘ಗ್ರೇಷಸ್ ಪ್ರೊಫೆಷನಲಿಸಂ’ ಎಂಬ ಪದ. ವೃತ್ತಿನಿಷ್ಠೆಯೂ ಸೌಜನ್ಯವೂ ಒಂದೇ ನಡೆಯಲ್ಲಿ ಕೂಡಿರಬೇಕು ಎಂಬುದು ಅದರ ಸ್ಥೂಲ ಅರ್ಥ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಶಾಲೆಯ ರೋಬಾಟಿಕ್ಸ್ ತಂಡ ಸೇರಿದ ಮೊದಲ ತಿಂಗಳಲ್ಲೇ ತಂದೆತಾಯಿಯರ ಕಿವಿಗೂ ಈ ಪದ ಬೀಳುತ್ತದೆ, ಮತ್ತು ಬಹುಪಾಲು ಜನ ಅದನ್ನು ‘ಒಳ್ಳೆಯ ನಡತೆ’ ಎಂದಷ್ಟೇ ತಿಳಿದುಕೊಂಡು ಮುಂದೆ ಹೋಗುತ್ತಾರೆ. ಆ ತಿಳಿವಳಿಕೆ ತಪ್ಪಲ್ಲವಾದರೂ ಅಪೂರ್ಣ. ಗೆಲ್ಲಲು ಪೂರ್ತಿ ಶಕ್ತಿಯಿಂದ ಹೋರಾಡುತ್ತಲೇ, ಎದುರಾಳಿಯೂ ತನ್ನ ಪೂರ್ತಿ ಶಕ್ತಿಯಿಂದ ಆಡುವಂತಾಗಲು ತಾನೂ ಹೊಣೆಗಾರ ಎಂದು ಒಪ್ಪಿಕೊಳ್ಳುವ ಶಿಸ್ತಿಗೆ ಈ ಹೆಸರಿದೆ ಎಂಬುದು ನನ್ನ ತಿಳಿವು.

ಈ ಸ್ಪರ್ಧೆ ನಡೆಸುವ ಫಸ್ಟ್ ಸಂಸ್ಥೆಯನ್ನು 1989ರಲ್ಲಿ ಸ್ಥಾಪಿಸಿದವರು ಸಂಶೋಧಕ ಡೀನ್ ಕೇಮನ್. ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ, ಒಂದು ಹೈಸ್ಕೂಲಿನ ವ್ಯಾಯಾಮಶಾಲೆಯೊಳಗೆ, 28 ತಂಡಗಳ ನಡುವೆ ನಡೆಯಿತು. ಅದರ ಕಲ್ಪನೆಗೆ ಹೆಗಲು ಕೊಟ್ಟ ವುಡೀ ಫ್ಲವರ್ಸ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳಿಗೆ ಬಿಡಿಭಾಗಗಳ ಒಂದೇ ಬಗೆಯ ಪೊಟ್ಟಣ ಕೊಟ್ಟು, ಅದರಿಂದ ಯಂತ್ರ ಕಟ್ಟಿಸಿ, ಕೊನೆಗೆ ಎಲ್ಲರೆದುರು ಸ್ಪರ್ಧೆಗಿಳಿಸುವ ಅವರ ವಿನ್ಯಾಸ ತರಗತಿ ಬಹಳ ಹೆಸರಾಗಿತ್ತು. ‘ಗ್ರೇಷಸ್ ಪ್ರೊಫೆಷನಲಿಸಂ’ ಎಂಬ ಪದವನ್ನು ಈ ಸ್ಪರ್ಧೆಗೆ ಕೊಟ್ಟವರೂ ಅವರೇ. 2019ರಲ್ಲಿ ಅವರು ತೀರಿಕೊಂಡರು. ಉತ್ತಮ ಮಾರ್ಗದರ್ಶಕರಿಗೆ ನೀಡುವ ಪ್ರಶಸ್ತಿ ಇಂದಿಗೂ ಅವರ ಹೆಸರಿನಲ್ಲಿದೆ.

ಈ ಪದಕ್ಕೆ ಕರಾರುವಾಕ್ಕಾದ ವ್ಯಾಖ್ಯೆಯನ್ನು ಸಂಸ್ಥೆ ಬೇಕೆಂದೇ ಕೊಟ್ಟಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅರ್ಥ ಹೊಳೆಯಲಿ ಎಂಬುದೇ ಅದರ ಇಂಗಿತ. ಆದರೂ ಗಡಿಗಳು ಸ್ಪಷ್ಟವಾಗಿವೆ. ಎದೆ ತಟ್ಟಿಕೊಂಡು ಎದುರಾಳಿಯನ್ನು ಹೀಯಾಳಿಸುವಂತಿಲ್ಲ, ಹಾಗೆಂದು ಬರೀ ಸಿಹಿಮಾತಿನ ಲೇಪವೂ ಸಲ್ಲದು. ತೀವ್ರವಾಗಿ ಸ್ಪರ್ಧಿಸಬೇಕು, ಸ್ಪರ್ಧಿಸುವಾಗ ಒಬ್ಬರನ್ನೊಬ್ಬರು ಗೌರವದಿಂದ, ದಯೆಯಿಂದ ಕಾಣಬೇಕು, ಯಾರನ್ನೂ ಸೋತವರೆಂದು ಕೀಳಾಗಿ ನಡೆಸಿಕೊಳ್ಳಬಾರದು. ನಿಮ್ಮ ಅಜ್ಜಿ ನೋಡಿದರೆ ಹೆಮ್ಮೆಪಡುವಂತೆ ನಡೆದುಕೊಳ್ಳಿ ಎಂದು ಫ್ಲವರ್ಸ್ ಹೇಳುತ್ತಿದ್ದುದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಈ ಪದ ಗೋಡೆಬರಹವಾಗಿ ಉಳಿಯದಿರಲು ಆಟದ ರಚನೆಯೇ ಒಂದು ಕಾರಣ. ಒಂದು ಪಂದ್ಯದಲ್ಲಿ ಮೂರು ಮೂರು ತಂಡಗಳ ಎರಡು ಮೈತ್ರಿಕೂಟಗಳು, ಕೆಂಪು ಮತ್ತು ನೀಲಿ, ಎದುರುಬದುರಾಗುತ್ತವೆ. ಅರ್ಹತಾ ಸುತ್ತಿನಲ್ಲಿ ಈ ಕೂಟಗಳನ್ನು ಕಂಪ್ಯೂಟರ್ ಜೋಡಿಸುವುದರಿಂದ, ಬೆಳಿಗ್ಗೆ ಎದುರಾಳಿಯಾಗಿದ್ದ ತಂಡ ಮಧ್ಯಾಹ್ನ ಜೊತೆಗಾರನಾಗಬಹುದು. ಅರ್ಹತಾ ಸುತ್ತು ಮುಗಿದ ಮೇಲೆ ಮೇಲಿನ ಶ್ರೇಯಾಂಕದ ತಂಡಗಳು ತಮಗೆ ಬೇಕಾದವರನ್ನು ಆರಿಸಿಕೊಂಡು ಅಂತಿಮ ಹಂತಕ್ಕೆ ಇಳಿಯುತ್ತವೆ. ಹೀಗಿರುವಾಗ ಪಕ್ಕದ ತಂಡದ ಮೋಟಾರ್ ಸುಟ್ಟುಹೋದರೆ ಅದಕ್ಕೆ ಮತ್ತೊಂದು ಮೋಟಾರ್ ಕೊಡುವುದು ಜಾಣತನವೂ ಹೌದು. ಪಿಟ್ ಎಂದು ಕರೆಯುವ ದುರಸ್ತಿ ಆವರಣದಲ್ಲಿ, ಇಂಥ ತಂಡಕ್ಕೆ ಇಂಥ ಬಿಡಿಭಾಗ ಬೇಕಾಗಿದೆ ಎಂದು ಧ್ವನಿವರ್ಧಕದಲ್ಲಿ ಕೂಗಿದರೆ ಸಾಕು, ಹುಡುಗರು ಓಡಿಬಂದು ಕೊಟ್ಟುಹೋಗುತ್ತಾರೆ. ಆದರೆ ಇಡೀ ಸಂಗತಿಯನ್ನು ಲಾಭದ ಲೆಕ್ಕವಾಗಿ ಓದುವುದನ್ನು ನಾನು ಒಪ್ಪುವುದಿಲ್ಲ. ಅಂತಿಮ ಹಂತದಲ್ಲಿ ಎದುರಾಳಿ ಮತ್ತೆ ಜೊತೆಗಾರನಾಗುವ ಸಾಧ್ಯತೆಯೇ ಇರುವುದಿಲ್ಲ. ಆಗಲೂ ಎದುರು ಪಾಳಯದ ರೋಬಾಟ್ ಕೆಟ್ಟು ನಿಂತರೆ ಉಪಕರಣ ಹಿಡಿದು ಹೋಗುವ ವಿದ್ಯಾರ್ಥಿಗಳಿದ್ದಾರೆ. ಪದದ ನಿಜವಾದ ತೂಕ ಗೊತ್ತಾಗುವುದು ಅಲ್ಲಿ.

ಇದರ ಜೋಡಿಪದ ‘ಕೋಆಪರ್ಟಿಷನ್’. ಸಹಕಾರ ಮತ್ತು ಸ್ಪರ್ಧೆಯನ್ನು ಹೊಸೆದು ಮಾಡಿದ ಈ ಪದವನ್ನು ಸಂಘಟಕರು ಹಲವು ಸಲ ಅಂಕಪಟ್ಟಿಯೊಳಗೇ ತಂದು ಕೂರಿಸಿದ್ದಾರೆ, ಮತ್ತು ಹಾಗೆ ಮಾಡಿದಾಗಲೆಲ್ಲ ಕ್ರೀಡಾಧರ್ಮ ಎಂದರೇನು ಎಂಬ ಜಗಳ ಹೊಸದಾಗಿ ಹುಟ್ಟಿದೆ. 2010ರ ಆಟ ಫುಟ್‌ಬಾಲನ್ನು ಹೋಲುವಂಥದ್ದು. ಆ ವರ್ಷ ಗೆದ್ದವರ ಶ್ರೇಯಾಂಕಕ್ಕೆ ತಮ್ಮ ಅಂಕದ ಜೊತೆ ಸೋತವರ ಅಂಕದ ದುಪ್ಪಟ್ಟು ಸೇರುತ್ತಿತ್ತು. ಸೋತವರ ಲೆಕ್ಕಕ್ಕೆ ಗೆದ್ದವರ ಅಂಕವೇ ಹೋಗುತ್ತಿತ್ತು. ಎದುರಾಳಿಯನ್ನು ಸೊನ್ನೆಗೆ ನಿಲ್ಲಿಸಿ ತುಳಿಯುವುದರಿಂದ ಲಾಭವಿಲ್ಲ ಎಂಬ ಪಾಠ ಉದ್ದೇಶವಾಗಿತ್ತು. ಆದರೆ ಗೆಲ್ಲುವ ಭರವಸೆ ಇಲ್ಲದ ಕೂಟಕ್ಕೆ, ಹೋರಾಡುವ ಬದಲು ಎದುರಾಳಿಗೆ ಅಂಕ ತರುವ ಗೋಲಿಗೇ ಚೆಂಡು ಹಾಕಿಕೊಟ್ಟು ಅವರ ಅಂಕ ಏರಿಸುವುದೇ ಮೇಲು ಎಂಬ ಲೆಕ್ಕವೂ ಅದೇ ನಿಯಮದಿಂದ ಹೊರಟಿತು. ಆರು ರೋಬಾಟ್‌ಗಳು ಒಂದೇ ಕಡೆಗೆ ಆಡುವ ಈ ತಂತ್ರ ನಿಯಮದೊಳಗೇ ಇತ್ತು. ಅದನ್ನು ಸಹಕಾರದ ಪರಾಕಾಷ್ಠೆ ಎಂದವರೂ ಇದ್ದರು, ಸ್ಪರ್ಧೆಗೆ ಬೆನ್ನು ತೋರಿಸಿದ್ದು ಎಂದವರೂ ಇದ್ದರು. ನನ್ನ ಮನಸ್ಸು ಎರಡನೆಯವರ ಕಡೆಗಿದೆ, ಏಕೆಂದರೆ ಎದುರಾಳಿಗೆ ನಾವು ಕೊಡಬಹುದಾದ ಮೊದಲ ಗೌರವ ನಮ್ಮ ನಿಜವಾದ ಆಟ.

2012ರಲ್ಲಿ ಅಂಕಣದ ನಡುವೆ ಒಂದು ಬಿಳಿ ಸೇತುವೆಯಿತ್ತು. ಕೆಂಪು ಕೂಟದ ಒಂದು ರೋಬಾಟ್, ನೀಲಿ ಕೂಟದ ಒಂದು ರೋಬಾಟ್ ಅದರ ಮೇಲೆ ಒಟ್ಟಿಗೆ ಸಮತೋಲನದಲ್ಲಿ ನಿಂತರೆ ಎರಡೂ ಕೂಟಗಳಿಗೆ ಶ್ರೇಯಾಂಕದ ಲೆಕ್ಕದಲ್ಲಿ 2 ಅಂಕ. ಗೆಲುವಿಗೂ ಅಷ್ಟೇ ಅಂಕ. ಪಂದ್ಯ ಸೋತವರೂ ಈ ಸೇತುವೆಯಿಂದ ಒಂದು ಗೆಲುವಿನಷ್ಟು ಗಳಿಸಬಹುದಿತ್ತು. ಹಾಗಾಗಿ ಪಂದ್ಯಕ್ಕೆ ಮುನ್ನವೇ ಎದುರಾಳಿಗಳು ಕೂತು ಮಾತಾಡಿಕೊಳ್ಳಬೇಕಾಯಿತು. ಆಗ ಎದ್ದ ಪ್ರಶ್ನೆ ಇದು: ಅಗ್ರಸ್ಥಾನದಲ್ಲಿರುವ ತಂಡಕ್ಕೆ ಇನ್ನಷ್ಟು ಅಂಕ ಸಿಗದಂತೆ ತಡೆಯಲು, ಸೇತುವೆಗೆ ಬರುವುದಿಲ್ಲ ಎಂದು ಹೇಳುವುದು ಸೌಜನ್ಯಕ್ಕೆ ವಿರುದ್ಧವೇ? ಮುಂಚಿತವಾಗಿ ನೇರವಾಗಿ ಹೇಳಿ ಹಿಂದೆ ಸರಿದರೆ ಅದು ಆಟದ ತಂತ್ರ. ಬರುತ್ತೇನೆಂದು ಮಾತು ಕೊಟ್ಟು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರೆ ಅದು ದ್ರೋಹ. ಈ ವ್ಯತ್ಯಾಸವನ್ನು ಯಾವ ನಿಯಮ ಪುಸ್ತಕವೂ ಪೂರ್ತಿಯಾಗಿ ಬರೆದಿಡಲಾರದು, ಬರೆಯಲಾಗದ ಆ ಜಾಗವನ್ನು ತುಂಬಲೆಂದೇ ಈ ಪದ ಇದೆ.

ನಿಯಮಗಳು ಸುಮ್ಮನಿವೆ ಎಂದೇನೂ ಅಲ್ಲ. ತಾನು ಸೇರದ ಮತ್ತೊಂದು ಕೂಟಕ್ಕೆ, ಶಕ್ತಿಗಿಂತ ಕಡಿಮೆ ಆಡಿ ಎಂದು ಯಾವ ತಂಡವೂ ಪ್ರೇರೇಪಿಸುವಂತಿಲ್ಲ. ಎದುರಾಳಿಯನ್ನು ಬಲವಂತವಾಗಿ ತಪ್ಪಿಗೆ ಸಿಲುಕಿಸಿ ದಂಡದ ಅಂಕ ಗಿಟ್ಟಿಸುವ ತಂತ್ರಕ್ಕೂ ನಿಷೇಧವಿದೆ. ಎದುರಾಳಿಯ ರೋಬಾಟನ್ನು ಮೂಲೆಗೊತ್ತಿ ಅಲುಗದಂತೆ ಹಿಡಿದರೆ ರೆಫರಿ ಸೆಕೆಂಡುಗಳನ್ನು ಎಣಿಸತೊಡಗುತ್ತಾರೆ. ತೀರಾ ಕೆಟ್ಟ ವರ್ತನೆಗೆ ಹಳದಿ ಕಾರ್ಡ್, ಎರಡನೆಯ ಹಳದಿ ಬಂದರೆ ಕೆಂಪು, ಕೆಂಪು ಬಂದರೆ ಆ ಪಂದ್ಯದಿಂದ ಅನರ್ಹತೆ. ಅಂತಿಮ ಹಂತದಲ್ಲಿ ಒಂದು ತಂಡ ಕೆಂಪು ಕಾರ್ಡ್ ಪಡೆದರೆ ಇಡೀ ಕೂಟವೇ ಅದರ ಬೆಲೆ ತೆರುತ್ತದೆ.

ಇವನ್ನೆಲ್ಲ ಜಾರಿಗೊಳಿಸುವ ರೆಫರಿಗಳ ಸ್ಥಿತಿಯನ್ನು ಸ್ವಲ್ಪ ನಿಂತು ನೋಡಬೇಕು. ಅವರು ಸ್ವಯಂಸೇವಕರು. ಪಂದ್ಯ ಎರಡೂವರೆ ನಿಮಿಷದ ಆಸುಪಾಸಿನದು. ಮೊದಲ ಕೆಲವು ಸೆಕೆಂಡು ರೋಬಾಟ್‌ಗಳು ತಾವಾಗಿಯೇ ಚಲಿಸುತ್ತವೆ, ಉಳಿದ ಹೊತ್ತು ವಿದ್ಯಾರ್ಥಿಗಳು ದೂರದಿಂದ ನಡೆಸುತ್ತಾರೆ. ಬಂಪರ್, ಬ್ಯಾಟರಿ ಸೇರಿ ಒಂದೊಂದೂ 60 ಕಿಲೋ ದಾಟುವ ಆರು ಯಂತ್ರಗಳು ಸುಮಾರು 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣದಲ್ಲಿ ಒಂದನ್ನೊಂದು ಗುದ್ದುತ್ತ ಓಡಾಡುವಾಗ, ಪಟ್ಟೆ ಅಂಗಿ ತೊಟ್ಟ ಕೆಲವೇ ಜನ ಅಂಚಿನಲ್ಲಿ ನಿಂತು ಎಲ್ಲವನ್ನೂ ಕಾಣಬೇಕು. ಆಟವಂತೂ ಪ್ರತಿ ವರ್ಷ ಹೊಸದು. ಹತ್ತಾರು ವರ್ಷ ಒಂದೇ ಆಟವನ್ನು ನೋಡಿ ಪಳಗುವ ಕ್ರಿಕೆಟ್ ಅಂಪೈರಿಗಿರುವ ಅನುಕೂಲ ಇವರಿಗಿಲ್ಲ. ತಪ್ಪುಗಳು ಆಗುತ್ತವೆ, ಆಗಲೇಬೇಕು.

ಅದಕ್ಕೆ ಸ್ಪರ್ಧೆ ಇಟ್ಟಿರುವ ದಾರಿ ‘ಕ್ವೆಶ್ಚನ್ ಬಾಕ್ಸ್’. ಅಂಕಣದ ಬದಿಯಲ್ಲಿ ನೆಲದ ಮೇಲೆ ಗುರುತು ಹಾಕಿದ ಒಂದು ಚೌಕ ಅದು. ತೀರ್ಪಿನ ಬಗ್ಗೆ ಪ್ರಶ್ನೆಯಿದ್ದರೆ ತಂಡದ ಒಬ್ಬ ವಿದ್ಯಾರ್ಥಿ ಅಲ್ಲಿ ಹೋಗಿ ನಿಲ್ಲಬೇಕು. ಮುಖ್ಯ ರೆಫರಿ ಬಿಡುವಾದಾಗ ಬಂದು ಕೇಳಿಸಿಕೊಳ್ಳುತ್ತಾರೆ. ಅಲ್ಲಿಗೆ ಹೋಗಲು ವಿದ್ಯಾರ್ಥಿಗೆ ಮಾತ್ರ ಅವಕಾಶ. ತಂಡದ ಮಾರ್ಗದರ್ಶಕರು ಎಷ್ಟೇ ದೊಡ್ಡ ಎಂಜಿನಿಯರ್ ಆಗಿರಲಿ, ತಂದೆತಾಯಿಯರಿಗೆ ಎಷ್ಟೇ ಸಂಕಟವಾಗಲಿ, ಹಿಂದೆ ನಿಂತು ಕಾಯಬೇಕು. ಪದಕ್ಕೆ ಮೈ ಬರುವುದು ಈ ಚೌಕದಲ್ಲಿ ಎಂದು ನನಗೆ ಬಲವಾಗಿ ಅನಿಸುತ್ತದೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಇಂಥ ಸಂಖ್ಯೆಯ ನಿಯಮದ ಪ್ರಕಾರ ಇದು ತಪ್ಪಾಗುವುದಿಲ್ಲವಲ್ಲ ಎಂದು ಕೋಪವನ್ನು ಬದಿಗಿಟ್ಟು ವಾದಿಸಬೇಕು, ಉತ್ತರ ಕೇಳಬೇಕು, ತೀರ್ಪು ಬದಲಾಗದಿದ್ದರೆ ಧನ್ಯವಾದ ಹೇಳಿ ಮುಂದಿನ ಪಂದ್ಯಕ್ಕೆ ಬ್ಯಾಟರಿ ಬದಲಿಸಲು ಹೋಗಬೇಕು. ತೀರ್ಪನ್ನು ಪ್ರಶ್ನಿಸುವುದು ಅವಿನಯವೆಂದು ಈ ಸ್ಪರ್ಧೆ ಭಾವಿಸಿಲ್ಲ. ಪ್ರಶ್ನಿಸುವ ಕ್ರಮವನ್ನು ಅದು ಕಲಿಸುತ್ತದೆ.

ಮತ್ತೊಂದು ಕಠಿಣ ನಿಯಮವೂ ಇದೆ. ಯಾವ ಪಂದ್ಯದ ವಿಡಿಯೋವನ್ನಾಗಲಿ, ಛಾಯಾಚಿತ್ರವನ್ನಾಗಲಿ, ಯಾರು ತಂದು ತೋರಿಸಿದರೂ ಮುಖ್ಯ ರೆಫರಿ ನೋಡುವುದಿಲ್ಲ. ಕೈಯಲ್ಲಿ ಬಿಡಿಸಿದ ಚಿತ್ರವನ್ನೂ ನೋಡುವುದಿಲ್ಲ ಎಂದು ನಿಯಮ ಪುಸ್ತಕ ಸ್ಪಷ್ಟಪಡಿಸುತ್ತದೆ. ಪ್ರೇಕ್ಷಕರಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಇದು ಅನ್ಯಾಯವಾಗಿ ಕಾಣಬಹುದು, ಒಂದೊಂದು ಪಂದ್ಯದ ಮಟ್ಟಿಗೆ ಅನ್ಯಾಯವೂ ಆಗಬಹುದು. ಆದರೆ ವಿಡಿಯೋಗೆ ಬಾಗಿಲು ತೆರೆದರೆ ಒಳ್ಳೆಯ ಕ್ಯಾಮೆರಾಗಳಿರುವ ಶ್ರೀಮಂತ ತಂಡಗಳ ಮಾತೇ ನಡೆಯುತ್ತದೆ, ಎರಡು ದಿನಗಳಲ್ಲಿ ಮುಗಿಯಬೇಕಾದ ಹತ್ತಾರು ಪಂದ್ಯಗಳ ವೇಳಾಪಟ್ಟಿಯೂ ಉಳಿಯುವುದಿಲ್ಲ. ಈ ಕಾರಣಗಳಿಗಾಗಿ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ.

ತೀರ್ಪುಗಾರನ ಅಧಿಕಾರ ಬೇರೆ, ಆಟಗಾರನ ಧರ್ಮ ಬೇರೆ ಎಂಬುದು ಕನ್ನಡಿಗರಿಗೆ ಹೊಸದಲ್ಲ. ಭದ್ರಾವತಿಯ ಜಿ. ಆರ್. ವಿಶ್ವನಾಥ್ 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದಾಗ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮತ್ತೆ ಆಡಲು ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಜೊತೆಯಾಟ ಬೆಳೆಯಿತು, ಭಾರತ 10 ವಿಕೆಟ್‌ಗಳಿಂದ ಸೋತಿತು. ಕ್ವೆಶ್ಚನ್ ಬಾಕ್ಸ್‌ನಲ್ಲಿ ನಿಂತ ವಿದ್ಯಾರ್ಥಿ ತನ್ನ ತಂಡದ ಪರವಾಗಿ ಬಂದ ತಪ್ಪು ತೀರ್ಪನ್ನು ಎತ್ತಿ ತೋರಿಸಿದರೆ ಅವನು ಮಾಡುವುದೂ ಇದನ್ನೇ. ಮುಖ್ಯ ರೆಫರಿಯ ಮಾತೇ ಕೊನೆಯದಾದ್ದರಿಂದ ಅವನ ಮಾತು ತೀರ್ಪನ್ನು ಬದಲಿಸದೆಯೂ ಹೋಗಬಹುದು.

ಪದದ ದುರ್ಬಳಕೆಯನ್ನೂ ಹೇಳದೆ ಬಿಡುವಂತಿಲ್ಲ. ನಿಯಮದೊಳಗೆ ಬಲವಾಗಿ ರಕ್ಷಣಾತ್ಮಕ ಆಟವಾಡಿ, ಎದುರಾಳಿಯ ದಾರಿಗೆ ಅಡ್ಡ ನಿಂತು ಅಂಕ ತಡೆದ ತಂಡಕ್ಕೆ ‘ಇದು ಗ್ರೇಷಸ್ ಪ್ರೊಫೆಷನಲಿಸಂ ಅಲ್ಲ’ ಎಂದು ಬೈಯುವುದು ಅಪರೂಪವಲ್ಲ. ಆ ವರ್ಷದ ನಿಯಮ ಅವಕಾಶ ಕೊಟ್ಟಿದ್ದರೆ ಅಡ್ಡಗಟ್ಟುವುದು ಆಟದ ಭಾಗವೇ. ಇತರರನ್ನು ಅಳೆಯುವ ಕೋಲಾಗಿ ಬಳಸಿದ ಕ್ಷಣದಲ್ಲೇ ಈ ಪದ ತನ್ನ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಅದು ಮೊದಲಿನಿಂದಲೂ ತನ್ನ ನಡೆಯನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆ.

ಪದಕ್ಕೆ ಬಿದ್ದ ದೊಡ್ಡ ಪೆಟ್ಟು 2012ರ ಚಾಂಪಿಯನ್‌ಷಿಪ್‌ನದು. ಸೇಂಟ್ ಲೂಯಿಸ್‌ನಲ್ಲಿ, ಐನ್‌ಸ್ಟೈನ್ ಎಂದು ಕರೆಯುವ ಅಂತಿಮ ಅಂಕಣದಲ್ಲಿ, ರೋಬಾಟ್‌ಗಳು ಸಂಪರ್ಕ ಕಡಿದುಕೊಂಡು ನಿಂತಲ್ಲೇ ನಿಂತವು. ತನಿಖೆಯಲ್ಲಿ ಹಲವು ಕಾರಣಗಳು ಹೊರಬಂದವು. ಅವುಗಳಲ್ಲಿ ಒಂದು, ವೈರ್‌ಲೆಸ್ ವ್ಯವಸ್ಥೆಯ ಒಂದು ದೋಷವನ್ನು ಬಳಸಿಕೊಂಡು ಒಬ್ಬ ವ್ಯಕ್ತಿ ಬೇಕೆಂದೇ ಅಡ್ಡಿಪಡಿಸಿದ್ದು. ಸಂಸ್ಥೆ ತನ್ನ ವ್ಯವಸ್ಥೆಯ ಲೋಪಗಳನ್ನೂ ಮುಚ್ಚಿಡದೆ ವಿವರವಾದ ವರದಿಯನ್ನು ಪ್ರಕಟಿಸಿತು, ಮತ್ತು ಆ ಅಂಕಣದಲ್ಲಿ ಆಡಿದ ತಂಡಗಳನ್ನು ಕರೆಸಿ ಅವರ ರೋಬಾಟ್‌ಗಳೊಂದಿಗೇ ಪರೀಕ್ಷೆ ನಡೆಸಿತು. ದೋಷ ಕಂಡಾಗ ಅದನ್ನು ತಿಳಿಸುವುದು ಮತ್ತು ಅದನ್ನು ಬಳಸಿಕೊಳ್ಳುವುದು, ಈ ಎರಡಕ್ಕೂ ಬೇಕಾದ ತಾಂತ್ರಿಕ ಜ್ಞಾನ ಒಂದೇ. ವೃತ್ತಿನಿಷ್ಠೆ ಎಂಬ ಮಾತು ಈ ಪದದೊಳಗೆ ಏಕೆ ಇದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕರ್ನಾಟಕದ ಓದುಗರಿಗೆ ಈ ಪದ ಎದುರಾಗುವ ಸಂಭವ ಹೆಚ್ಚಿರುವುದು ಹೈಸ್ಕೂಲ್ ಮಟ್ಟದ ದೊಡ್ಡ ರೋಬಾಟ್‌ಗಳ ಸ್ಪರ್ಧೆಯಲ್ಲಲ್ಲ, ಭಾರತದಲ್ಲೂ ನಡೆಯುವ, ಇನ್ನೂ ಚಿಕ್ಕ ಮಕ್ಕಳ ಫಸ್ಟ್ ಲೆಗೋ ಲೀಗ್‌ನಲ್ಲಿ. ಅಲ್ಲಿ ಕೆಲವು ವರ್ಷಗಳಿಂದ ರೆಫರಿಯೇ ಪ್ರತಿ ಪಂದ್ಯದ ಕೊನೆಗೆ ತಂಡದ ಗ್ರೇಷಸ್ ಪ್ರೊಫೆಷನಲಿಸಂಗೆ ಅಂಕ ಹಾಕುತ್ತಾರೆ. ಬೆಳೆಯುತ್ತಿದ್ದರೆ 2, ಸಾಧಿಸಿದ್ದರೆ 3, ನಿರೀಕ್ಷೆ ಮೀರಿದ್ದರೆ 4. ಮೇಜಿನ ಎದುರು ಎರಡೂವರೆ ನಿಮಿಷ ನಿಂತ ಮಕ್ಕಳ ಮನೋಧರ್ಮವನ್ನು ಒಂದು ಅಂಕಿಗೆ ಇಳಿಸುವುದು ರೆಫರಿಗೆ ಸುಲಭವಲ್ಲ, ವ್ಯಾಖ್ಯೆ ಕೊಡದೆ ಬಿಟ್ಟ ಪದಕ್ಕೆ ಅಂಕ ಕೊಡುವುದರಲ್ಲಿ ಒಂದು ಒಳವಿರೋಧವೂ ಇದೆ. ಆದರೂ ಆ ಅಂಕ ರೋಬಾಟ್ ಗಳಿಸಿದ ಅಂಕಗಳಿಗೆ ಸೇರುವುದಿಲ್ಲ, ಮೌಲ್ಯಗಳನ್ನು ಪರಿಗಣಿಸುವ ತೀರ್ಪುಗಾರರ ಲೆಕ್ಕಕ್ಕೆ ಹೋಗುತ್ತದೆ ಎಂಬುದನ್ನು ಗಮನಿಸಿದರೆ, ಸಂಘಟಕರು ಅದನ್ನು ಬಹಳ ಎಚ್ಚರದಿಂದಲೇ ಇಟ್ಟಿದ್ದಾರೆ ಎನ್ನಬೇಕು.