ಬಿಸಿಲು, ಗಾಳಿ ಇರುವಾಗ ಅಣು ವಿದ್ಯುತ್ ಯಾಕೆ?

ಪ್ರಶ್ನೆ: ಸೋಲಾರ್, ಗಾಳಿ ವಿದ್ಯುತ್ ಇಷ್ಟು ಅಗ್ಗವಾಗಿರುವಾಗ ಅಣು ವಿದ್ಯುತ್ತಿನಿಂದ ಅಂಥ ಲಾಭ ಏನಿದೆ?

ಉತ್ತರ: ಲಾಭಗಳು ಹಲವು. ಆದರೆ ಹೆಚ್ಚಿನವಕ್ಕೆ ಮೂಲ ಒಂದೇ. ಇದಕ್ಕೆ ಬೇಕಾಗುವ ಇಂಧನ ತೀರಾ ಕಡಿಮೆ.

ಅಣು ಸ್ಥಾವರದಲ್ಲೂ ನೀರು ಕಾದು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಕಲ್ಲಿದ್ದಲು ಸ್ಥಾವರದಲ್ಲಿ ನಡೆಯುವುದೂ ಅದೇ. ಆದರೆ ಇಲ್ಲಿ ಏನೂ ಉರಿಯುವುದಿಲ್ಲ. ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣ ಬಡಿದರೆ ಇಂಧನವಾದ ಯುರೇನಿಯಂ-235ರ ಪರಮಾಣು ಒಡೆಯುತ್ತದೆ. ಆಗ ಶಾಖದ ಜೊತೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಅವು ಇನ್ನಷ್ಟು ಪರಮಾಣುಗಳನ್ನು ಒಡೆಯುತ್ತವೆ. ಬೆರಳ ತುದಿಯಷ್ಟು ದೊಡ್ಡ ಇಂಧನದ ಬಿಲ್ಲೆಯಿಂದ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದು ಟನ್ ಕಲ್ಲಿದ್ದಲಿಗೆ ಸಮ. 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರಕ್ಕೆ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಬೇಕು. ಅಷ್ಟೇ ದೊಡ್ಡ ಅಣು ಸ್ಥಾವರಕ್ಕೆ 25-30 ಟನ್ ಸಾಕು!

ಇಷ್ಟೇ ಇಂಧನ ಅಂದಮೇಲೆ ವರ್ಷಗಳಿಗೆ ಆಗುವಷ್ಟನ್ನು ಮೊದಲೇ ತಂದಿಟ್ಟುಕೊಳ್ಳಬಹುದು. 1973ರಲ್ಲಿ ತೈಲ ಬೆಲೆ ಏರಿದಾಗ ಫ್ರಾನ್ಸ್ ಅಣು ವಿದ್ಯುತ್ತಿನ ಕಡೆ ಹೊರಳಿದ್ದು ಇದಕ್ಕೇ. ಈಗ ಅಲ್ಲಿನ ಕರೆಂಟಿನಲ್ಲಿ ಸುಮಾರು ಮೂರನೇ ಎರಡು ಪಾಲು ಅಣುವಿನದು.

ಇನ್ನು ನಿರಂತರತೆ. ಸಾಮಾನ್ಯ ರಿಯಾಕ್ಟರೊಂದು (ಸ್ಥಾವರದಲ್ಲಿ ಪರಮಾಣು ಒಡೆದು ಶಾಖ ಹುಟ್ಟುವ ಭಾಗ) ಒಮ್ಮೆ ಇಂಧನ ತುಂಬಿದರೆ 18ರಿಂದ 24 ತಿಂಗಳು ಹಗಲು ರಾತ್ರಿ ಓಡುತ್ತದೆ. ಅಮೆರಿಕದ ಅಣು ಸ್ಥಾವರಗಳು ಪೂರ್ಣ ಸಾಮರ್ಥ್ಯದ ಶೇ 90ಕ್ಕಿಂತ ಜಾಸ್ತಿ ಉತ್ಪಾದಿಸುತ್ತವೆ. ಸೋಲಾರ್ ಫಲಕ ಅಗ್ಗ ನಿಜ, ರಾತ್ರಿ ಅದರಿಂದ ಏನೂ ಬರುವುದಿಲ್ಲ ಅಲ್ವಾ? ಆ ಹೊತ್ತಿಗೆ ಬೇಕಾದ ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಹೋಲಿಸಬೇಕು.

ಹವಾಮಾನದ ಲೆಕ್ಕದಲ್ಲೂ ಅಣು ಹಿಂದೆ ಬಿದ್ದಿಲ್ಲ. ಗಣಿಯಿಂದ ಕಟ್ಟಡದವರೆಗೆ ಎಲ್ಲ ಸೇರಿಸಿ, ಒಂದು ಯೂನಿಟ್‌ಗೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 12 ಗ್ರಾಂ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಅಂದಾಜಿಸಿತ್ತು. ಗಾಳಿಯದು 11, ಕಲ್ಲಿದ್ದಲಿನದು 820.

ಚೆರ್ನೋಬಿಲ್, ಫುಕುಶಿಮಾ ನೆನಪಾದರೆ ಭಯ ಸಹಜ. ಆದರೂ ಉತ್ಪಾದನೆಯಾದ ವಿದ್ಯುತ್ತಿಗೆ ಹೋಲಿಸಿ ಸಾವಿನ ಲೆಕ್ಕ ಹಾಕಿದರೆ, ಆ ಎರಡು ಅವಘಡ ಸೇರಿಸಿದರೂ ಕಲ್ಲಿದ್ದಲಿನ ಹೊಗೆಯೇ ಎಷ್ಟೋ ಪಟ್ಟು ಜಾಸ್ತಿ ಜನರನ್ನು ಕೊಂದಿದೆ. ಅದು ಸದ್ದಿಲ್ಲದೆ ಕೊಲ್ಲುವುದರಿಂದ ಸುದ್ದಿಯಾಗುವುದಿಲ್ಲ, ಅಷ್ಟೆ. ಅಣು ತ್ಯಾಜ್ಯ ಸಾವಿರಾರು ವರ್ಷ ಅಪಾಯಕಾರಿ. ಆದರೆ ಇಂಧನ ಕಡಿಮೆಯಾದ್ದರಿಂದ ತ್ಯಾಜ್ಯವೂ ಕಡಿಮೆ, ಒಂದು ಕಡೆ ಕಾಯ್ದಿಡಬಹುದು. ಫಿನ್ಲೆಂಡ್ ಇದಕ್ಕೆಂದೇ 400 ಮೀಟರಿಗೂ ಆಳದಲ್ಲಿ ಬಂಡೆ ಕೊರೆದಿದೆ.

ನನ್ನ ಪ್ರಕಾರ ನಿಜವಾದ ತೊಡಕು ಹಣ ಮತ್ತು ಸಮಯ. ಅದೇ ಫಿನ್ಲೆಂಡ್‌ನ ಓಲ್ಕಿಲುವೊಟೊ-3 ರಿಯಾಕ್ಟರ್ ಕಟ್ಟಲು ಶುರುವಾದದ್ದು 2005ರಲ್ಲಿ, ನಿಯಮಿತ ಉತ್ಪಾದನೆ ಬಂದದ್ದು 2023ರಲ್ಲಿ. ಹಾಗಾಗಿ ಹೊಸದನ್ನು ಕಟ್ಟಬೇಕೇ ಎಂಬ ಬಗ್ಗೆ ವಾದ ಮಾಡಬಹುದು. ಆದರೆ ಚೆನ್ನಾಗಿ ಓಡುತ್ತಿರುವುದನ್ನು ಸುಮ್ನೆ ಮುಚ್ಚುವುದು ನನಗೆ ಅರ್ಥವಾಗುವುದಿಲ್ಲ. ಜರ್ಮನಿ 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ರಿಯಾಕ್ಟರ್‌ಗಳನ್ನು ನಿಲ್ಲಿಸಿತು. ಆಗ ಅಲ್ಲಿ ಕಲ್ಲಿದ್ದಲು ಸ್ಥಾವರಗಳು ಇನ್ನೂ ಓಡುತ್ತಲೇ ಇದ್ದವು.