ಲ್ಯಾಬ್ ಪ್ರೋಗ್ರಾಮ್‌ಗಳಿಗೆ ಬಣ್ಣ ಬರಬೇಕು, ಪೇಜ್ ಭಾರ ಆಗಬಾರದು: ಏನು ಮಾಡೋದು?

ಪ್ರಶ್ನೆ: “ನಮ್ಮ ಹುಡುಗರಿಗಂತ ಸಿ, ಪೈಥಾನ್, ಎಸ್‌ಕ್ಯೂಎಲ್ ಲ್ಯಾಬ್ ಪ್ರೋಗ್ರಾಮ್ ಎಲ್ಲಾ ವೆಬ್ ಪೇಜಿನ್ಯಾಗ ಹಾಕೇನ್ರಿ. ಆದ್ರ ಎಲ್ಲಾ ಕರ್ರಗ, ಒಂದೇ ನಮೂನಿ ಕಾಣ್ತೈತಿ. ಎಡಿಟರ್‌ನ್ಯಾಗ ಬರೋ ಹಂಗ ಬಣ್ಣ ಬರಬೇಕು. ಇಳಕಲ್, ಬೀಳಗಿ ಕಡೆಯಿಂದ ಬಸ್ಸಿಗೆ ಬರೋ ಹುಡುಗರು ಫೋನಿನ್ಯಾಗ ಓದತಾರ, ಅದಕ್ಕ ಪೇಜ್ ಭಾರ ಆಗಬಾರದು ನೋಡ್ರಿ. ಹೆಂಗ ಮಾಡೂದು?”

ಬಾಗಲಕೋಟೆಯ ಒಬ್ಬ ಉಪನ್ಯಾಸಕಿ ಕೇಳಿದ ಪ್ರಶ್ನೆ ಇದು. ಬೆಳಗಾವಿ, ವಿಜಯಪುರದ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುತ್ತದೆ.

ಮೇಡಂ, ನೇರವಾಗಿ ಹೇಳುತ್ತೇನೆ. ಬಣ್ಣ ಹಚ್ಚುವ ಕೆಲಸವನ್ನು ಹುಡುಗರ ಫೋನಿಗೆ ಬಿಡಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಒಂದು ಸಲ ಮಾಡಿ ಮುಗಿಸಿ, ಬಣ್ಣ ಬಂದ ಪೇಜನ್ನೇ ಅಪ್‌ಲೋಡ್ ಮಾಡಿ. ಲ್ಯಾಬ್ ಪ್ರೋಗ್ರಾಮ್ ಸೆಮಿಸ್ಟರ್ ಮುಗಿಯುವವರೆಗೆ ಬದಲಾಗುವುದಿಲ್ಲ. ಬದಲಾಗದ ಕೋಡಿಗೆ ಪ್ರತಿಯೊಂದು ಫೋನೂ ಪ್ರತಿ ಸಲ ಹೊಸದಾಗಿ ಬಣ್ಣ ಹಚ್ಚುತ್ತಾ ಕೂರುವುದು ಯಾಕೆ?

ಬಣ್ಣಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮ ಪೇಜಿನ ಯಾವುದಾದರೂ ಸಿ ಪ್ರೋಗ್ರಾಮಿನ ಮೊದಲ ಸಾಲು ನೋಡಿ. ಇನ್‌ಕ್ಲೂಡ್ ಅಂತ ಮಾತ್ರ ಇದ್ದು, ಮುಂದೆ ಹೆಡರ್ ಫೈಲಿನ ಹೆಸರೇ ಕಾಣುತ್ತಿಲ್ಲವಾ? ಕೋಡನ್ನು ಹಾಗೇ ಕಾಪಿ ಮಾಡಿ ಎಚ್‌ಟಿಎಂಎಲ್ ಫೈಲಿಗೆ ಅಂಟಿಸಿದರೆ ಹೀಗೇ ಆಗುತ್ತದೆ. ‘<’ ಚಿಹ್ನೆಗೆ ಅಂಟಿಕೊಂಡು ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗ್ (ಪೇಜಿನ ರಚನೆ ಹೇಳುವ ಗುರುತು) ಅಂತಲೇ ತಿಳಿಯುತ್ತದೆ. ಹೆಡರ್ ಫೈಲಿನ ಹೆಸರನ್ನೂ ಯಾವುದೋ ಗೊತ್ತಿಲ್ಲದ ಟ್ಯಾಗ್ ಅಂದುಕೊಂಡು ತೋರಿಸದೇ ಬಿಡುತ್ತದೆ. ಫಾರ್ ಲೂಪಿನಲ್ಲಿ ಇನ್ನೂ ತಮಾಷೆ. ಐ ಮತ್ತು ಎನ್ ನಡುವಿನ ‘<’ ಆಚೀಚೆ ಜಾಗ ಬಿಟ್ಟು ಬರೆದಿದ್ದರೆ ಎಲ್ಲ ಸರಿಯಾಗೇ ಕಾಣುತ್ತದೆ. ಒತ್ತಾಗಿ ಬರೆದಿದ್ದರೆ ಅಲ್ಲಿಂದ ಮುಂದಿನ ‘>’ ಸಿಗುವ ತನಕ ಇರುವ ಸಾಲುಗಳೆಲ್ಲ ಮಾಯ. ಹುಡುಗ ಅದನ್ನೇ ಕಾಪಿ ಮಾಡಿ ಕಂಪೈಲ್ ಮಾಡುತ್ತಾನೆ, ಸಾಲುಸಾಲು ಎರರ್ ಬರುತ್ತದೆ. ತಪ್ಪು ತನ್ನದೇ ಅಂತ ಅವನು ಗಂಟೆಗಟ್ಟಲೆ ಹುಡುಕುತ್ತಾನೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಪರಿಹಾರ ಸುಲಭ. ಕೋಡಿನೊಳಗಿನ ಪ್ರತಿ ‘<’ ಜಾಗದಲ್ಲಿ ಆಂಪರ್‌ಸೆಂಡ್, ಎಲ್, ಟಿ, ಸೆಮಿಕೋಲನ್ ಅಂತ ಒಟ್ಟಿಗೆ ಬರೆಯಬೇಕು. ಸ್ಕ್ಯಾನ್‌ಎಫ್‌ನಲ್ಲಿ ಬರುವ ‘&’ ಬದಲು ಆಂಪರ್‌ಸೆಂಡ್, ಎ, ಎಂ, ಪಿ, ಸೆಮಿಕೋಲನ್. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಮಾಡುವುದಾದರೆ ಮೊದಲು ‘&’ ಬದಲಾಯಿಸಿ, ಆಮೇಲೆ ‘<’. ಉಲ್ಟಾ ಮಾಡಿದರೆ ಈಗತಾನೇ ಹಾಕಿದ ಆಂಪರ್‌ಸೆಂಡೇ ಮತ್ತೊಮ್ಮೆ ಬದಲಾಗಿ, ಪೇಜಿನ ತುಂಬ ವಿಚಿತ್ರ ಅಕ್ಷರಗಳು ಬರುತ್ತವೆ.

ಇಷ್ಟಾದ ಮೇಲೆ ಕೋಡನ್ನು ಪ್ರಿ ಟ್ಯಾಗಿನೊಳಗೆ ಕೋಡ್ ಟ್ಯಾಗ್ ಇಟ್ಟು ಅದರೊಳಗೆ ಹಾಕಿ. ಪ್ರಿ ಇದ್ದರೆ ಪೈಥಾನ್ ಇಂಡೆಂಟೇಶನ್ (ಸಾಲಿನ ಶುರುವಿನ ಖಾಲಿ ಜಾಗ) ಹಾಗೇ ಉಳಿಯುತ್ತದೆ. ಕೋಡ್ ಟ್ಯಾಗಿನ ಕ್ಲಾಸ್‌ನಲ್ಲಿ ‘ಲ್ಯಾಂಗ್ವೇಜ್’, ಒಂದು ಹೈಫನ್, ಆಮೇಲೆ ಭಾಷೆಯ ಹೆಸರು ಬರೆಯಿರಿ. ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲೇ ಸೂಚಿಸಿರುವ ರೂಢಿ ಇದು.

ಈಗ ಬಣ್ಣ. ನಿಮ್ಮ ಲ್ಯಾಬಿನಲ್ಲಿ ಪೈಥಾನ್ ಇದ್ದೇ ಇರುತ್ತದೆ. ಪೈಥಾನ್ ಪ್ಯಾಕೇಜ್ ಹಾಕಿಕೊಳ್ಳುವ ಪಿಪ್ ಕಮಾಂಡಿನಿಂದ, ಕೋಡಿಗೆ ಬಣ್ಣ ಹಚ್ಚುವ ಪಿಗ್ಮೆಂಟ್ಸ್ ಇನ್‌ಸ್ಟಾಲ್ ಮಾಡಿಕೊಳ್ಳಿ. 2006ರಿಂದ ಬಳಕೆಯಲ್ಲಿರುವ, ನಂಬಬಹುದಾದ ಸಲಕರಣೆ. ಪಿಗ್ಮೆಂಟೈಸ್ ಅನ್ನುವ ಕಮಾಂಡಿಗೆ ನಿಮ್ಮ ಸಿ ಫೈಲ್ ಕೊಟ್ಟು, ಫಾರ್ಮ್ಯಾಟ್ ಎಚ್‌ಟಿಎಂಎಲ್ ಅಂತ ಹೇಳಿದರೆ ಸಾಕು. ಕೀವರ್ಡ್, ಸ್ಟ್ರಿಂಗ್, ಕಾಮೆಂಟ್ ಎಲ್ಲಕ್ಕೂ ಬೇರೆ ಬೇರೆ ಸ್ಪ್ಯಾನ್ ಟ್ಯಾಗ್ (ಸಾಲಿನ ಒಂದು ತುಂಡನ್ನು ಗುರುತಿಸುವ ಟ್ಯಾಗ್) ಹಾಕಿದ ತುಣುಕು ಬರುತ್ತದೆ. ಪ್ರಿ ಟ್ಯಾಗನ್ನೂ ಅದೇ ಹಾಕುತ್ತದೆ. ‘<’, ‘&’ ಎರಡನ್ನೂ ತಾನೇ ಸರಿ ಮಾಡಿಕೊಳ್ಳುತ್ತದೆ, ಹಾಗಾಗಿ ಇದಕ್ಕೆ ನಿಮ್ಮ ಮೂಲ ಫೈಲನ್ನೇ ಕೊಡಿ, ಕೈಯಿಂದ ಬದಲಾಯಿಸಿದ್ದನ್ನಲ್ಲ. ಬಣ್ಣಗಳ ಸಿಎಸ್‌ಎಸ್ (ಪೇಜಿನ ಅಂದ ಹೇಳುವ ಫೈಲ್) ಕೂಡ ಇದೇ ಕಮಾಂಡಿನಿಂದ ಸಿಗುತ್ತದೆ. ಅದನ್ನು ಒಂದೇ ಸಲ ತೆಗೆದು ಎಲ್ಲ ಪೇಜಿಗೂ ಜೋಡಿಸಿ. ಓದುವವರ ಫೋನಿನಲ್ಲಿ ಇದಕ್ಕಾಗಿ ಜಾವಾಸ್ಕ್ರಿಪ್ಟ್‌ನ ಒಂದು ಸಾಲೂ ಓಡುವುದಿಲ್ಲ. ಸ್ಪ್ಯಾನ್‌ಗಳಿಂದ ಎಚ್‌ಟಿಎಂಎಲ್ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ನಿಜ. ಆದರೆ ಅವೇ ಟ್ಯಾಗ್‌ಗಳು ಮತ್ತೆ ಮತ್ತೆ ಬರುವುದರಿಂದ ಸರ್ವರಿನಲ್ಲಿ ಜಿಜಿಪ್ (ಫೈಲ್ ಕುಗ್ಗಿಸಿ ಕಳಿಸುವ ವ್ಯವಸ್ಥೆ) ಚಾಲೂ ಇದ್ದರೆ ಚೆನ್ನಾಗಿ ಕುಗ್ಗುತ್ತವೆ. ಜೆಕಿಲ್ ಅಥವಾ ಹ್ಯೂಗೊ ಅನ್ನುವ, ವೆಬ್‌ಸೈಟ್ ತಯಾರಿಸುವ ಸಲಕರಣೆ ಬಳಸಿ ಪೇಜ್ ಮಾಡುವವರಿಗೆ ಇಷ್ಟೂ ಬೇಕಿಲ್ಲ. ಬಣ್ಣ ಹಚ್ಚೋಕೆ ಜೆಕಿಲ್‌ನಲ್ಲಿ ರೂಜ್, ಹ್ಯೂಗೊದಲ್ಲಿ ಕ್ರೋಮಾ ಮೊದಲೇ ಇವೆ.

ಪ್ರೋಗ್ರಾಮ್‌ಗಳನ್ನು ವಾರವಾರ ಬದಲಾಯಿಸುತ್ತೀರಿ, ಕಮಾಂಡ್ ಓಡಿಸುತ್ತಾ ಕೂರೋಕೆ ಆಗಲ್ಲ ಅಂದರೆ, ಓದುವವರ ಬ್ರೌಸರಿನಲ್ಲೇ ಬಣ್ಣ ಹಚ್ಚುವ ಪ್ರಿಸಂ ಅನ್ನುವ ಜಾವಾಸ್ಕ್ರಿಪ್ಟ್ ಸಲಕರಣೆ ಇದೆ. ಲೀಯಾ ವೆರೂ 2012ರಲ್ಲಿ ಬಿಡುಗಡೆ ಮಾಡಿದ್ದು. ಕುಗ್ಗಿಸಿದ ಮೇಲೆ ಇದರ ಮೂಲ ಭಾಗ ಸುಮಾರು 2 ಕೆಬಿ ಅಷ್ಟೇ. ಡೌನ್‌ಲೋಡ್ ಪೇಜಿನಲ್ಲಿ ಬೇಕಾದ ಭಾಷೆಗೆ ಮಾತ್ರ ಟಿಕ್ ಹಾಕಬಹುದು. ಇಲ್ಲೇ ತುಂಬ ಜನ ಎಡವುತ್ತಾರೆ, ಇರಲಿ ಬಿಡು ಅಂತ ಎಲ್ಲಕ್ಕೂ ಟಿಕ್ ಹಾಕಿಬಿಡುತ್ತಾರೆ. ನಿಮಗೆ ಬೇಕಾಗಿರುವುದು ಸಿ, ಪೈಥಾನ್, ಎಸ್‌ಕ್ಯೂಎಲ್, ಮೂರೇ. ಬಂದ ಎರಡು ಫೈಲನ್ನು ನಿಮ್ಮ ಫೋಲ್ಡರಿನಲ್ಲೇ ಇಟ್ಟು, ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ (ಪೇಜ್ ಓದಿ ಮುಗಿದ ಮೇಲೆ ಓಡು ಅನ್ನುವ ಸೂಚನೆ) ಸೇರಿಸಿ. ಆಗ ಕೋಡ್ ಮೊದಲು ಕಾಣುತ್ತದೆ, ಬಣ್ಣ ಹಿಂದೆಯೇ ಬರುತ್ತದೆ.

ಪ್ರಿಸಂ ತರಹದ್ದೇ ಆದ ಹೈಲೈಟ್ ಡಾಟ್ ಜೆಎಸ್ ಕೂಡ ಒಳ್ಳೆಯದೇ. ಇವಾನ್ ಸಗಲಾಯೆವ್ 2006ರಲ್ಲಿ ಶುರುಮಾಡಿದ್ದು, ಕೋಡ್ ನೋಡಿ ಭಾಷೆ ಯಾವುದು ಅಂತ ತಾನೇ ಊಹಿಸುತ್ತದೆ. ಆದರೆ ನಾಲ್ಕೈದು ಸಾಲಿನ ತುಣುಕಿನಲ್ಲಿ ಆ ಊಹೆ ತಪ್ಪುವುದುಂಟು. ಊಹಿಸಲು ಬಿಡದೆ ಕ್ಲಾಸ್‌ನಲ್ಲಿ ಭಾಷೆ ಬರೆದುಕೊಡಿ. ಸಮಯವೂ ಉಳಿಯುತ್ತದೆ.

“ನಾವೇ ಬರೆದರೆ ಆಗಲ್ವಾ?” ಅಂತ ಕೆಲವರು ಕೇಳುತ್ತಾರೆ. ಒಂದೇ ಭಾಷೆಗಾದರೆ ಖಂಡಿತ ಆಗುತ್ತದೆ. ಇಪ್ಪತ್ತು-ಮೂವತ್ತು ಸಾಲಿನ ಜಾವಾಸ್ಕ್ರಿಪ್ಟ್ ಸಾಕು. ಹುಡುಗರಿಗೆ ಮಿನಿ ಪ್ರಾಜೆಕ್ಟ್ ಅಂತ ಕೊಟ್ಟರೂ ಚೆನ್ನಾಗಿರುತ್ತದೆ, ಯಾಕೆಂದರೆ ಇದರಲ್ಲಿ ಕಲಿಯೋದು ಬಹಳ ಇದೆ. ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು: ಮೊದಲು ಸ್ಟ್ರಿಂಗ್‌ಗಳನ್ನು ಹುಡುಕಿ ಸ್ಪ್ಯಾನ್ ಹಾಕು, ಆಮೇಲೆ ಕಾಮೆಂಟ್, ಆಮೇಲೆ ಕೀವರ್ಡ್. ಪೈಥಾನ್ ಕೋಡಿಗೆ ಇದನ್ನು ಓಡಿಸಿ ನೋಡಿ. ಕೀವರ್ಡ್ ಸರದಿ ಬಂದಾಗ ಅದು ‘ಕ್ಲಾಸ್’ ಪದವನ್ನೂ ಹುಡುಕುತ್ತದೆ. ನೀವು ಆಗಲೇ ಹಾಕಿದ ಪ್ರತಿ ಸ್ಪ್ಯಾನ್ ಟ್ಯಾಗಿನಲ್ಲೂ ಅದೇ ‘ಕ್ಲಾಸ್’ ಇದೆ! ಟ್ಯಾಗಿನ ಹೊಟ್ಟೆಯೊಳಗೆ ಇನ್ನೊಂದು ಟ್ಯಾಗ್ ನುಗ್ಗಿ ಪೇಜ್ ಚೆಲ್ಲಾಪಿಲ್ಲಿ ಆಗುತ್ತದೆ. ಸಿ ಕೋಡಿನಲ್ಲಿ ಬೇರೆ ತೊಂದರೆ. ಸ್ಟ್ರಿಂಗಿನೊಳಗೆ ವೆಬ್ ವಿಳಾಸ ಇದ್ದರೆ ಅದರಲ್ಲಿರುವ ಎರಡು ಅಡ್ಡಗೆರೆಯನ್ನೇ (//) ಕಾಮೆಂಟಿನ ಶುರು ಅಂದುಕೊಂಡು ಸಾಲಿನ ಉಳಿದ ಭಾಗವನ್ನೆಲ್ಲ ಬೂದು ಮಾಡಿಬಿಡುತ್ತದೆ.

ಎರಡಕ್ಕೂ ಮದ್ದು ಒಂದೇ. ಕಾಮೆಂಟ್, ಸ್ಟ್ರಿಂಗ್, ಸಂಖ್ಯೆ, ಕೀವರ್ಡ್ ನಾಲ್ಕನ್ನೂ ‘ಇದು ಅಥವಾ ಅದು’ ಅಂತ ಒಂದೇ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಸೇರಿಸಿ, ಎಡದಿಂದ ಬಲಕ್ಕೆ ಒಂದೇ ಸಲ ಓಡಿಸಬೇಕು. ಯಾವುದು ಮೊದಲು ಶುರುವಾಗುತ್ತದೋ ಅದಕ್ಕೆ ಆ ಜಾಗ. ಸ್ಟ್ರಿಂಗ್ ಮೊದಲು ಶುರುವಾಗಿದ್ದರೆ ಅದು ಮುಗಿಯುವವರೆಗೆ ಒಳಗಿನ ಅಡ್ಡಗೆರೆಯನ್ನು ಯಾರೂ ಕೇಳುವುದಿಲ್ಲ. ಹಾಕಿದ ಸ್ಪ್ಯಾನ್ ಕಡೆಗೆ ಮತ್ತೆ ತಿರುಗಿ ನೋಡುವ ಪ್ರಶ್ನೆಯೇ ಬರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಕೋಡನ್ನು ಓದುವಾಗ ಟ್ಯಾಗ್ ಸಮೇತ ಕೊಡುವ ಇನ್ನರ್ ಎಚ್‌ಟಿಎಂಎಲ್ ಅಲ್ಲ, ಬರೀ ಅಕ್ಷರ ಕೊಡುವ ಟೆಕ್ಸ್ಟ್ ಕಂಟೆಂಟ್ ಓದಿ. ಹೊರಗೆ ಬರೆಯುವಾಗ ಪ್ರತಿ ತುಣುಕಿನ ‘&’, ‘<’ ಎರಡನ್ನೂ ಮತ್ತೆ ಬದಲಾಯಿಸಿ.

ಇನ್ನು ಕನ್ನಡದ ವಿಷಯ. ಕಾಮೆಂಟನ್ನು ಕನ್ನಡದಲ್ಲಿ ಬರೆದರೆ ಹುಡುಗರಿಗೆ ಬೇಗ ಅರ್ಥವಾಗುತ್ತದೆ. ನನಗಂತೂ ಅದು ಬಹಳ ಇಷ್ಟ. ಆದರೆ ಹಲವು ಥೀಮ್‌ಗಳು ಕಾಮೆಂಟನ್ನು ಇಟಾಲಿಕ್ ಮಾಡುತ್ತವೆ. ಕನ್ನಡ ಫಾಂಟಿನಲ್ಲಿ ಇಟಾಲಿಕ್ ಇಲ್ಲದಿದ್ದರೆ ಬ್ರೌಸರ್ ಸುಮ್ನೆ ಅಕ್ಷರವನ್ನು ವಾಲಿಸಿಬಿಡುತ್ತದೆ. ಓದೋಕೆ ಕಣ್ಣಿಗೆ ತ್ರಾಸು. ಕಾಮೆಂಟಿನ ಸಿಎಸ್‌ಎಸ್‌ನಲ್ಲಿ ಫಾಂಟ್ ಸ್ಟೈಲ್ ನಾರ್ಮಲ್ ಅಂತ ಹಾಕಿ. ಕೋಡಿನ ಸಾಲುಗಳು ತೀರಾ ಒತ್ತಾಗಿದ್ದರೆ ‘ಷ್ಟ್ರ’, ‘ಕ್ತ್ಯ’ ತರಹದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಲೈನ್ ಹೈಟ್ 1.6 ಅಥವಾ 1.7 ಇಟ್ಟು ನೋಡಿ. ಕೋಡಿಗೆ ಬಳಸುವ ಮಾನೋಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ) ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಹಾಗಾಗಿ ಫಾಂಟ್ ಪಟ್ಟಿಯಲ್ಲಿ ಅದರ ಹಿಂದೆಯೇ ನೋಟೋ ಸಾನ್ಸ್ ಕನ್ನಡ ಸೇರಿಸಿ. ಕನ್ನಡ ಅಕ್ಷರಗಳ ಅಗಲ ಬೇರೆ ಬೇರೆ, ಆದ್ದರಿಂದ ಸಾಲಿನ ಕೊನೆಯ ಕಾಮೆಂಟ್‌ಗಳನ್ನು ಒಂದರ ಕೆಳಗೊಂದು ಜೋಡಿಸಲು ಒದ್ದಾಡಬೇಡಿ. ಕಾಮೆಂಟನ್ನು ಕೋಡಿನ ಮೇಲಿನ ಸಾಲಿಗೆ ಹಾಕಿದರೆ ಆ ತಲೆನೋವೇ ಇಲ್ಲ.

ಥೀಮ್ ಆರಿಸುವಾಗ ನಮ್ಮ ಕಡೆಯ ಬಿಸಿಲು ನೆನಪಿರಲಿ. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಹಿಡಿದರೆ ಕಪ್ಪು ಹಿನ್ನೆಲೆಯ ಥೀಮಿನಲ್ಲಿ ಕೋಡಿಗಿಂತ ನಮ್ಮ ಮುಖವೇ ಜಾಸ್ತಿ ಕಾಣುತ್ತದೆ. ಬಿಳಿ ಹಿನ್ನೆಲೆ, ಗಾಢ ಬಣ್ಣ ಇರಲಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು ಅನ್ನುತ್ತದೆ ವೆಬ್ ಸುಲಭಲಭ್ಯತೆಯ ಮಾರ್ಗಸೂಚಿ. ತಿಳಿ ಬೂದು ಬಣ್ಣದ ಕಾಮೆಂಟ್‌ಗಳು ಸೋಲುವುದು ಇಲ್ಲೇ. ಕೆಂಪು-ಹಸಿರು ವ್ಯತ್ಯಾಸ ಕಾಣದವರೂ ತರಗತಿಯಲ್ಲಿ ಇರಬಹುದು, ಆದ್ದರಿಂದ ಕೀವರ್ಡ್‌ಗೆ ಬಣ್ಣದ ಜೊತೆ ಬೋಲ್ಡ್ ಕೂಡ ಕೊಡಿ.

ಆ ಬೋಲ್ಡ್ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಲ್ಯಾಬ್ ರೆಕಾರ್ಡ್‌ಗೆ ಅಂತ ಹುಡುಗರು ಪೇಜನ್ನು ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೆಗೆಸುತ್ತಾರೆ. ಅಲ್ಲಿ ಕಿತ್ತಳೆ, ತಿಳಿ ನೀಲಿ ಎಲ್ಲ ಮಂಕಾಗಿ, ಸ್ಟ್ರಿಂಗ್‌ಗಳು ಓದಲು ಬಾರದ ಹಾಗಾಗುತ್ತವೆ. ಸಿಎಸ್‌ಎಸ್‌ನಲ್ಲಿ ಮೀಡಿಯಾ ಪ್ರಿಂಟ್ ಅನ್ನುವ ಭಾಗ ಬರೆದು, ಕೋಡಿನ ಎಲ್ಲ ಸ್ಪ್ಯಾನ್‌ಗಳ ಬಣ್ಣ ಕಪ್ಪು ಮಾಡಿ, ಕೀವರ್ಡಿನ ಬೋಲ್ಡ್ ಹಾಗೇ ಬಿಡಿ. ಫೋನಿನಲ್ಲಿ ಉದ್ದ ಸಾಲು ಪಕ್ಕಕ್ಕೆ ಸರಿಯುವಂತೆ ಓವರ್‌ಫ್ಲೋ ಆಟೋ ಇಟ್ಟಿರುತ್ತೀರಿ. ಪ್ರಿಂಟಿನಲ್ಲಿ ಸರಿಸಲು ಆಗುವುದಿಲ್ಲ, ಸಾಲಿನ ಬಾಲ ಕತ್ತರಿಸಿ ಹೋಗುತ್ತದೆ. ಅದೇ ಭಾಗದಲ್ಲಿ ವೈಟ್ ಸ್ಪೇಸ್ ಪ್ರಿ ರ‍್ಯಾಪ್ ಅಂತ ಒಂದು ಸಾಲು ಸೇರಿಸಿದರೆ ಉದ್ದ ಸಾಲು ಮಡಚಿಕೊಂಡು ಕೆಳಗೆ ಬರುತ್ತದೆ.