ಕಿಲಾವೇಯಾ ಬಳಿ ಟೆಂಟ್ ಹಾಕಬಹುದೇ?

ಪ್ರಶ್ನೆ: ರಜೆಗೆ ಹವಾಯಿಗೆ ಹೋಗುತ್ತಿದ್ದೇವೆ. ಕಿಲಾವೇಯಾ ಜ್ವಾಲಾಮುಖಿಯ ಸುತ್ತಲಿನ ನಿರ್ಜನ ಹಾದಿಗಳಲ್ಲಿ ನಡೆದು ಒಂದು ರಾತ್ರಿ ಟೆಂಟಿನಲ್ಲಿ ಉಳಿಯುವ ಆಸೆ. ಅಲ್ಲಿನ ಲಾವಾ ನಿಧಾನವಾಗಿ ಹರಿಯುತ್ತದಂತೆ, ನಡೆದೇ ತಪ್ಪಿಸಿಕೊಳ್ಳಬಹುದಂತೆ. ಹಾಗಾದರೆ ಅಪಾಯವಿಲ್ಲ ತಾನೇ?

ಉತ್ತರ: ಉಳಿಯಬಹುದು. ಹವಾಯಿ ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನದಲ್ಲಿ ಅದಕ್ಕೆಂದೇ ಗೊತ್ತುಪಡಿಸಿದ ತಾಣಗಳಿವೆ, ರಾತ್ರಿ ತಂಗುವವರು ಪರವಾನಗಿ ಪಡೆಯಬೇಕು. ಪ್ರಶ್ನೆಯ ಮೊದಲರ್ಧಕ್ಕೆ ಇಷ್ಟು ಸಾಕು. ಉಳಿದರ್ಧವೇ ನನ್ನನ್ನು ಕಾಡುವುದು. ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳು ಟಿಕೆಟ್ ಕೊಂಡ ಮರುದಿನವೇ ಈ 'ನಿಧಾನದ ಲಾವಾ'ವನ್ನು ಹಿಡಿದುಕೊಂಡು ಬರುತ್ತವೆ. ಉತ್ತರ ಓದಿ ಒಪ್ಪುತ್ತಾರೆ. ಮುಂದಿನ ವರ್ಷ ಅವರ ಸ್ನೇಹಿತರು ಅದೇ ಮಾತನ್ನು ಮತ್ತೆ ತರುತ್ತಾರೆ. ಈ ಬಾರಿ ಬುಡದಿಂದಲೇ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಉದ್ಯಾನದ ದಕ್ಷಿಣ ಕರಾವಳಿಯಲ್ಲಿ ಹಲಪೇ ಎಂಬ ತಾಣವಿದೆ. ಹಿಂದೆ ಕಡಿದಾದ ಬೆಟ್ಟದ ಗೋಡೆ, ಮುಂದೆ ಕಡಲು, ಆಗ ಅಲ್ಲೊಂದು ತೆಂಗಿನ ತೋಪೂ ಇತ್ತು. 1975ರ ನವೆಂಬರ್ 29ರ ಬೆಳಗಿನ ಜಾವ ಅಲ್ಲಿ 32 ಜನ ಮಲಗಿದ್ದರು. ಅವರಲ್ಲಿ ಸ್ಕೌಟ್ ಬಾಲಕರೂ ಇದ್ದರು. 3.36ಕ್ಕೆ ನೆಲ ನಡುಗಿತು, ಬೆಟ್ಟದಿಂದ ಕಲ್ಲುಗಳು ಉರುಳಿದವು. ಕಲ್ಲಿಗೆ ಹೆದರಿ ಕೆಲವರು ಹಾಸಿಗೆಯನ್ನು ಕಡಲ ಕಡೆಗೆ ಸರಿಸಿಕೊಂಡು ಮತ್ತೆ ಮಲಗಿದರು. 4.48ಕ್ಕೆ 7.7 ತೀವ್ರತೆಯ ಭೂಕಂಪ ಬಂತು. ನಿಲ್ಲಲೂ ಆಗದ ಆ ಕಂಪನದ ಬೆನ್ನಿಗೇ ಕಡಲು ಎದ್ದು ಬಂತು. ಆ ಕರಾವಳಿಯಲ್ಲಿ ನೀರು ಸುಮಾರು 14 ಮೀಟರ್ ಎತ್ತರದವರೆಗೆ ಏರಿತು. ಅಲೆ ಕೆಲವರನ್ನು ಹೊತ್ತೊಯ್ದು ಬಂಡೆಗಳ ನಡುವಿನ ದೊಡ್ಡ ಬಿರುಕಿನೊಳಗೆ ಎಸೆಯಿತು. ಇಬ್ಬರು ಸತ್ತರು, 19 ಜನ ಗಾಯಗೊಂಡರು. ಕರಾವಳಿಯೇ ಮೂರು ಮೀಟರಿಗೂ ಹೆಚ್ಚು ಕುಸಿದು, ತೆಂಗಿನ ಮರಗಳು ಕಡಲ ನೀರಿನಲ್ಲಿ ನಿಂತವು.

ಲಾವಾ ಎಲ್ಲಿತ್ತು ಎಂದು ಕೇಳುತ್ತೀರಿ. ಭೂಕಂಪದ ನಂತರ, ಅದೇ ಬೆಳಿಗ್ಗೆ, ದೂರದ ಶಿಖರದಲ್ಲಿ ಉಕ್ಕಿತು. ಒಂದು ದಿನವೂ ತುಂಬದೆ ಅಡಗಿತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಹೀಗೇಕಾಯಿತು ಎಂದು ತಿಳಿದರೆ ಈ ಭ್ರಮೆ ತಾನಾಗಿ ಕಳಚುತ್ತದೆ. ಜ್ವಾಲಾಮುಖಿ ಎಂದರೆ ಬೆಂಕಿ ಕಾಣುವ ಬಾಯಿ ಮಾತ್ರವಲ್ಲ, ಅದೊಂದು ಇಡೀ ಬೆಟ್ಟ. ಒಳಗೆ ಏರುವ ಶಿಲಾಪಾಕ, ಅಂದರೆ ಇನ್ನೂ ಹೊರಬಾರದ ಕರಗಿದ ಕಲ್ಲು, ಕಿಲಾವೇಯಾದ ದಕ್ಷಿಣದ ಪಕ್ಕೆಯನ್ನು ಕಡಲಿನತ್ತ ಒತ್ತುತ್ತಲೇ ಇರುತ್ತದೆ. ಆ ಪಕ್ಕೆ ಹಳೆಯ ಸಾಗರತಳದ ಮೇಲೆ ಕೂತಿದೆ. ಒತ್ತಡ ತುಂಬಿದ ದಿನ ಅದು ಒಮ್ಮೆಲೇ ಜಾರುತ್ತದೆ. ನೀವು ಟೆಂಟ್ ಹಾಕುವುದು ಆ ಜಾರುವ ಪಕ್ಕೆಯ ಮೇಲೆ, ಆ ಬೆಂಕಿಯ ಬಾಯಿಯಿಂದ ಹಲವು ಕಿಲೋಮೀಟರ್ ದೂರದಲ್ಲಿ, 'ಇಲ್ಲಿಗೆ ಲಾವಾ ಬರುವುದಿಲ್ಲ' ಎಂದುಕೊಂಡು. ಆದ್ದರಿಂದ ಬಂಡೆಗೋಡೆಯ ಬುಡದಲ್ಲಿ ಮಲಗಬೇಡಿ, ಅಲೆಯ ಅಂಚಿನಲ್ಲೂ ಮಲಗಬೇಡಿ. ಎತ್ತರಕ್ಕೆ ಹೋಗುವ ದಾರಿಯನ್ನು ಬೆಳಕಿರುವಾಗಲೇ ಒಮ್ಮೆ ನಡೆದು ನೋಡಿ. ನೆಲ ಜೋರಾಗಿ ಅಲುಗಿದರೆ ಸೈರನ್ ಕೂಗಲಿ ಎಂದು ಕಾಯದೆ, ಚೀಲ ಹುಡುಕದೆ ಏರಿಬಿಡಿ.

ಇನ್ನು ನಿಧಾನ ಎಂಬುದಾದರೂ ನಿಜವೇ? ಅದು ಇಳಿಜಾರನ್ನೂ ಲಾವಾದ ಪ್ರಮಾಣವನ್ನೂ ಅವಲಂಬಿಸಿದೆ. 1950ರಲ್ಲಿ ನೆರೆಯ ಮೌನಾ ಲೋವಾದ ಮೇಲಿನಿಂದ ಹೊರಟ ಲಾವಾ ಸುಮಾರು ನಾಲ್ಕು ಗಂಟೆಗಳಲ್ಲಿ, ಅದೂ ರಾತ್ರಿ ಹೊತ್ತಿನಲ್ಲಿ, ಹೆದ್ದಾರಿ ದಾಟಿ ಸಮುದ್ರ ಸೇರಿತ್ತು. ಕಿಲಾವೇಯಾ ಸೌಮ್ಯ ಎಂಬುದೂ ಅರ್ಧ ಸತ್ಯ. 1790ರಲ್ಲಿ ಅದು ಸ್ಫೋಟಿಸಿದಾಗ ದಾರಿಯಲ್ಲಿದ್ದ ಯೋಧರ ತಂಡವೊಂದು ಬಿಸಿ ಬೂದಿ ಮತ್ತು ಅನಿಲದ ಹೊಡೆತಕ್ಕೆ ಸಿಕ್ಕಿ ಸತ್ತಿತು. ಉದ್ಯಾನದೊಳಗಿನ ಕಾಊ ಮರುಭೂಮಿಯ ಗಟ್ಟಿಯಾದ ಬೂದಿಯಲ್ಲಿ ಹಳೆಯ ಹೆಜ್ಜೆಗುರುತುಗಳನ್ನು ಈಗಲೂ ಕಾಣಬಹುದು. 1924ರಲ್ಲಿ ಕಿಲಾವೇಯಾ ಶಿಖರದ ಹಲೆಮಾಉಮಾಉ ಕುಂಡ ಟನ್‌ಗಟ್ಟಲೆ ತೂಗುವ ಬಂಡೆಗಳನ್ನು ಎಸೆದು, ಹತ್ತಿರ ಹೋಗಿದ್ದ ಒಬ್ಬರ ಜೀವ ತೆಗೆಯಿತು.

ಅನಿಲದ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಜ್ವಾಲಾಮುಖಿಯ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್‌ಗೆ ಬಣ್ಣವಿಲ್ಲ, ಬೆಂಕಿಕಡ್ಡಿ ಗೀರಿದಾಗಿನ ಘಾಟು ಇದೆ. ಎನ್-95 ಮುಖಗವಸು ಧೂಳನ್ನು ತಡೆಯುತ್ತದೆ, ಈ ಅನಿಲವನ್ನಲ್ಲ. ಸಾಮಾನ್ಯವಾಗಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಹೊಗೆಯನ್ನು ನೈಋತ್ಯಕ್ಕೆ ಒಯ್ಯುತ್ತದೆ. ಗಾಳಿ ಬಿದ್ದ ದಿನ ಅದು ಎತ್ತ ಬೇಕಾದರೂ ಕವಿಯಬಹುದು. ಘಾಟು ಬಂದರೆ ಗಾಳಿಗೆ ಅಡ್ಡಲಾಗಿ ನಡೆದು ಹೊಗೆಯಿಂದ ಹೊರಗೆ ಬನ್ನಿ. ಆಸ್ತಮಾ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಹೊಗೆಯ ಹಾದಿಯಲ್ಲಿ ತಂಗಲೇಬಾರದು. ಹೊರಡುವ ಬೆಳಿಗ್ಗೆ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದ ದಿನದ ವರದಿ ಓದಿ. ಉದ್ಯಾನದವರು ಮುಚ್ಚಿದ ಹಾದಿಗೆ ಕಾಲಿಡಬೇಡಿ. 2018ರಲ್ಲಿ ಶಿಖರವೇ ಕುಸಿಯುತ್ತಿದ್ದಾಗ ಉದ್ಯಾನದ ಬಹುಭಾಗ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿತ್ತು. 'ಹಾದಿ ಮುಚ್ಚಿದೆ' ಎಂಬ ಫಲಕವನ್ನು ಯಾರೂ ಸುಮ್ಮನೆ ನೆಡುವುದಿಲ್ಲ.

ನೀರಿನ ಮಾತು. ಕರಾವಳಿಯ ಹಾದಿಯಲ್ಲಿ ನೆರಳಿಲ್ಲ, ಹೊಳೆಯಿಲ್ಲ, ಕಪ್ಪು ಕಲ್ಲು ಮೇಲಿನ ಬಿಸಿಲನ್ನು ಕೆಳಗಿನಿಂದಲೂ ಕೊಡುತ್ತದೆ. ತಾಣಗಳಲ್ಲಿ ಮಳೆನೀರಿನ ತೊಟ್ಟಿಗಳಿವೆ. ಎಷ್ಟು ನೀರಿದೆ ಎಂದು ಪರವಾನಗಿ ಪಡೆಯುವಾಗಲೇ ಕೇಳಿ, ಶುದ್ಧೀಕರಿಸದೆ ಕುಡಿಯಬೇಡಿ.

ತೊಟ್ಟಿಯ ಮಾತಿನಿಂದ ಯಾರೂ ಕೇಳದ ಇನ್ನೊಂದು ಸಂಗತಿ ನೆನಪಾಯಿತು. ಕಿಲಾವೇಯಾದಲ್ಲಿ 2024ರ ಡಿಸೆಂಬರ್ 23ರಂದು ಶುರುವಾದ ಸ್ಫೋಟಗಳಲ್ಲಿ ಲಾವಾ ಕಾರಂಜಿ ಕೆಲವೊಮ್ಮೆ 300 ಮೀಟರಿಗೂ ಎತ್ತರ ಚಿಮ್ಮಿದೆ. ಆಗ ಕರಗಿದ ಕಲ್ಲಿನ ಹನಿಗಳು ಗಾಳಿಯಲ್ಲಿ ಎಳೆಎಳೆಯಾಗಿ ಹಿಗ್ಗಿ ಹೊಂಬಣ್ಣದ ನೂಲಾಗುತ್ತವೆ. ಹವಾಯಿಯ ಜನ ತಮ್ಮ ಜ್ವಾಲಾಮುಖಿ ದೇವತೆಯ ಹೆಸರಿನಲ್ಲಿ ಅದನ್ನು ಪೆಲೆಯ ಕೂದಲು ಎನ್ನುತ್ತಾರೆ. ಗಾಳಿಗೆ ಹಾರಿ ಬಂದು ಹುಲ್ಲಿನ ಮೇಲೆ, ಕಾರಿನ ಮೇಲೆ, ಛಾವಣಿಯ ಮೇಲೆ, ಅಲ್ಲಿಂದ ಮಳೆನೀರಿನ ತೊಟ್ಟಿಗೂ ಬೀಳುತ್ತದೆ. ನೋಡಲು ರೇಷ್ಮೆಯಂತಿದ್ದರೂ ಅದು ಅಪ್ಪಟ ಗಾಜು. ಮುಟ್ಟಿದರೆ ಮುರಿದು ಚರ್ಮದೊಳಗೆ ಇಳಿಯುತ್ತದೆ, ಆ ಕೈಯಿಂದ ಕಣ್ಣುಜ್ಜಿದರೆ ಇನ್ನೂ ಕೆಟ್ಟದ್ದು. ಮಕ್ಕಳಿಗೆ ಬಗ್ಗಿ ನೋಡಲು ಹೇಳಿ, ಎತ್ತಿಕೊಳ್ಳಲು ಬಿಡಬೇಡಿ. ಮನೆಗೆ ತರಬೇಕೆಂಬ ಆಸೆಯೂ ಬೇಡ: ಉದ್ಯಾನದಿಂದ ಒಂದು ಕಲ್ಲನ್ನು ಒಯ್ಯುವುದೂ ಕಾನೂನುಬಾಹಿರ, ಪೆಲೆಯ ಕೂದಲಿಗೂ ಅದೇ ನಿಯಮ.